ಹಿರಿಯರ ಆರೋಗ್ಯ ಕುಸಿಯುವ ಮೊದಲು: ಜಿಪಿಎ, ವಿಲ್, ದಾನಪತ್ರ, ಜಂಟಿ ಖಾತೆಗಳಲ್ಲಿ ಯಾವುದು ಯಾರಿಗೆ?

ತಾಯಿಗೆ ಮರೆವಿನ ಕಾಯಿಲೆಯ ಆರಂಭದ ಹಂತ ಎಂದು ವೈದ್ಯರು ಹೇಳಿರುತ್ತಾರೆ, ಅಥವಾ ತಂದೆಗೆ ಪಾರ್ಕಿನ್ಸನ್ ಬಂದು ಕೆಲವು ವರ್ಷವಾಗಿ ಈಗೀಗ ಚೆಕ್ಕಿಗೆ ಸಹಿ ಹಾಕುವಾಗ ಕೈ ನಡುಗುತ್ತಿರುತ್ತದೆ. ಆಸ್ತಿಯೆಂದರೆ ಜಯನಗರದಲ್ಲೋ ವಿಜಯನಗರದಲ್ಲೋ ಎಂದೋ ಕಟ್ಟಿಸಿದ ಒಂದು ಮನೆ, ಬ್ಯಾಂಕಿನಲ್ಲಿ ಒಂದಷ್ಟು ಠೇವಣಿ, ತಿಂಗಳ ಪಿಂಚಣಿ. ಮಕ್ಕಳಲ್ಲಿ ಒಬ್ಬರು ಊರಿನಲ್ಲಿದ್ದರೆ ಇನ್ನೊಬ್ಬರು ಪರದೇಶದಲ್ಲಿ. ಇಂಥ ಮನೆಗಳಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಜಿಪಿಎ (ತಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ಮಾಡಿಸಿದರೆ ಸಾಕೇ, ವಿಲ್ ಬರೆಸಬೇಕೇ, ಇಲ್ಲವೇ ಈಗಲೇ ಮನೆಯನ್ನು ಮಕ್ಕಳ ಹೆಸರಿಗೆ ಮಾಡಿಬಿಡುವುದು ಒಳ್ಳೆಯದೇ? ಬ್ಯಾಂಕಿನಲ್ಲಿ ಕೇಳಿದರೆ ನಾಮಿನಿ ಹಾಕಿಸಿ ಎನ್ನುತ್ತಾರೆ, ಪತ್ರ ಬರಹಗಾರರನ್ನು ಕೇಳಿದರೆ ದಾನಪತ್ರ ಎನ್ನುತ್ತಾರೆ, ಸೋದರಮಾವನನ್ನು ಕೇಳಿದರೆ ಜಿಪಿಎ ಎನ್ನುತ್ತಾರೆ. ಯಾರ ಮಾತೂ ಪೂರ್ತಿ ತಪ್ಪಲ್ಲ, ಆದರೆ ಆ ಪತ್ರ ಯಾವ ದಿನದ ತನಕ ನಡೆಯುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ಹಿರಿಯರ ಮುಂದಿನ ದಿನಗಳನ್ನು ಮೂರು ಕಾಲಗಳಾಗಿ ವಿಂಗಡಿಸಿಕೊಂಡರೆ ಆಯ್ಕೆ ಅರ್ಧ ಸುಲಭವಾಗುತ್ತದೆ. ಮೊದಲನೆಯದು, ದೇಹ ಸೋತಿದ್ದರೂ ಬುದ್ಧಿ ನೆಟ್ಟಗಿರುವ ಕಾಲ. ಬ್ಯಾಂಕಿಗೆ ಹೋಗಲಾಗದು, ಮೆಟ್ಟಿಲು ಹತ್ತಲಾಗದು, ಆದರೆ ತಮ್ಮ ಆಸ್ತಿ ಯಾವುದು, ತಮ್ಮವರು ಯಾರು ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತು. ಎರಡನೆಯದು, ಜೀವವಿದ್ದೂ ತಿಳಿವಳಿಕೆ ಕೈಕೊಟ್ಟ ಕಾಲ. ಮರೆವು ಮುಂದುವರಿದಿರಬಹುದು, ಪಾರ್ಶ್ವವಾಯುವಿನ ನಂತರ ಪ್ರಜ್ಞೆ ಮರಳದೆ ಇರಬಹುದು. ಮೂರನೆಯದು, ಅವರು ತೀರಿಕೊಂಡ ನಂತರದ ಕಾಲ. ನಮ್ಮ ಕಾನೂನಿನಲ್ಲಿರುವ ಪತ್ರಗಳಲ್ಲಿ ಹೆಚ್ಚಿನವು ಮೊದಲನೆಯ ಅಥವಾ ಮೂರನೆಯ ಕಾಲಕ್ಕೆ ಹೊಂದುವಂಥವು. ಆಸ್ಪತ್ರೆಯ ಬಿಲ್ಲು, ಆರೈಕೆಯವರ ಸಂಬಳ, ಔಷಧಿಯ ಖರ್ಚು ಎಲ್ಲವೂ ಒಟ್ಟಿಗೆ ಮೈಮೇಲೆ ಬರುವ ಆ ನಡುವಿನ ಕಾಲಕ್ಕೆ ಸಾಧನಗಳು ಬಹಳ ಕಡಿಮೆ. ಆದ್ದರಿಂದ ಯಾವುದೇ ಪತ್ರದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ, ಅದು ನಡುವಿನ ಕಾಲದಲ್ಲಿ ಉಳಿಯುತ್ತದೆಯೇ ಎಂಬುದು.

ಅದರ ಜೊತೆಗೆ ಇನ್ನೂ ಕೆಲವನ್ನು ತೂಗಬೇಕು. ಪತ್ರ ಮಾಡಿಕೊಟ್ಟ ಮೇಲೆ ಹಿರಿಯರ ಕೈಯಲ್ಲಿ ಏನು ಉಳಿಯುತ್ತದೆ, ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಬಹುದೇ. ನಾಳೆ ಮಕ್ಕಳಲ್ಲೊಬ್ಬರು ತಕರಾರು ತೆಗೆದರೆ ನ್ಯಾಯಾಲಯದಲ್ಲಿ ಪತ್ರ ನಿಲ್ಲುತ್ತದೆಯೇ. ಸುಂಕ ಮತ್ತು ವಕೀಲರ ಶುಲ್ಕ ಎಷ್ಟಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಮಾಡಿಸಲು ಬೇಕಾಗುವಷ್ಟು ಸಮಯ ನಿಮ್ಮ ಬಳಿ ಇದೆಯೇ.

ಇವೆಲ್ಲಕ್ಕೂ ಮುಂಚೆ ಆಸ್ತಿ ಯಾರದೆಂದು ನೋಡಿಕೊಳ್ಳಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ತಂದೆ ತೀರಿಕೊಂಡು ಎಷ್ಟೋ ವರ್ಷವಾದರೂ ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಇನ್ನೂ ಅವರ ಹೆಸರಿನಲ್ಲೇ ಇರುವ ಮನೆಗಳಿಗೆ ಲೆಕ್ಕವಿಲ್ಲ. ತಂದೆ ವಿಲ್ ಬರೆಯದೆ ಹೋಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿಗೂ ಪ್ರತಿಯೊಬ್ಬ ಮಗ ಮತ್ತು ಮಗಳಿಗೂ, ಬದುಕಿದ್ದರೆ ಅವರ ತಾಯಿಗೂ, ಸಮಪಾಲು ಬರುತ್ತದೆ. ಅಂಥ ಮನೆಯಲ್ಲಿ ತಾಯಿ ವಿಲ್ ಬರೆದರೂ ದಾನ ಕೊಟ್ಟರೂ ಅದು ತಮ್ಮ ಪಾಲಿಗಷ್ಟೇ ಸಲ್ಲುತ್ತದೆ. ಪಿತ್ರಾರ್ಜಿತ ಆಸ್ತಿಯಾದರೂ ವಿಲ್‌ನ ಮಟ್ಟಿಗೆ ಹೀಗೆಯೇ. ತಮ್ಮ ಭಾಗವನ್ನು ಮೀರಿ ಬರೆದದ್ದು ನಿಲ್ಲುವುದಿಲ್ಲ.

ಕಾಯಿಲೆಯ ಹೆಸರು ಬಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ

ವರದಿಯಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಎಂದು ಬಂದ ಕೂಡಲೇ ಇನ್ನು ಯಾವ ಸಹಿಯೂ ನಡೆಯದು ಎಂದುಕೊಂಡು ಕೈಚೆಲ್ಲುವವರಿದ್ದಾರೆ. ಕಾನೂನು ಅಷ್ಟು ಕಠಿಣವಾಗಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 59ನೇ ಸೆಕ್ಷನ್ ಪ್ರಕಾರ ಸ್ವಸ್ಥಚಿತ್ತರಾದ ಯಾವುದೇ ವಯಸ್ಕರು ವಿಲ್ ಬರೆಯಬಹುದು; ಸಾಮಾನ್ಯವಾಗಿ ಚಿತ್ತಸ್ವಾಸ್ಥ್ಯ ಇಲ್ಲದವರೂ ಅದು ಇರುವ ಹೊತ್ತಿನಲ್ಲಿ ಬರೆದರೆ ಅದು ಸಲ್ಲುತ್ತದೆ ಎಂದು ಅದೇ ಸೆಕ್ಷನ್ ವಿವರಿಸುತ್ತದೆ. ಕಣ್ಣು ಕಾಣದಿರುವುದು, ಕಿವಿ ಕೇಳದಿರುವುದು, ಮಾತು ಬಾರದಿರುವುದು ಕೂಡ ಅಡ್ಡಿಯಲ್ಲ. ತಾವು ಏನು ಮಾಡುತ್ತಿದ್ದೇವೆಂಬುದು ತಿಳಿದಿದ್ದರೆ ಸಾಕು. ಆರಂಭದ ಹಂತದಲ್ಲಿರುವ ಬಹಳಷ್ಟು ಹಿರಿಯರು ಬೆಳಗಿನ ಹೊತ್ತು ಚುರುಕಾಗಿದ್ದು ಸಂಜೆಯಾಗುತ್ತಲೇ ಗೊಂದಲಕ್ಕೆ ಬೀಳುತ್ತಾರೆ. ನೋಂದಣಿಯ ಸಮಯವನ್ನು ಇದನ್ನು ನೋಡಿ ಗೊತ್ತುಮಾಡಿಕೊಳ್ಳಬೇಕು.

ಆದರೆ ಸಲ್ಲುವುದು ಬೇರೆ, ಅದನ್ನು ಸಾಬೀತುಪಡಿಸುವುದು ಬೇರೆ. ನಿಮ್ಹಾನ್ಸ್‌ನಲ್ಲಾಗಲಿ ನೀವು ತೋರಿಸುತ್ತಿರುವ ನರರೋಗ ಅಥವಾ ಮನೋರೋಗ ತಜ್ಞರ ಬಳಿಯಾಗಲಿ, ಪತ್ರಕ್ಕೆ ಸಹಿ ಬೀಳುವ ದಿನದ ಆಸುಪಾಸಿನಲ್ಲೇ ಪ್ರಮಾಣಪತ್ರ ಪಡೆಯಿರಿ. ಅದರಲ್ಲಿ ಬರೀ 'ಮಾನಸಿಕವಾಗಿ ಸ್ವಸ್ಥರು' ಎಂಬ ಒಂದು ಸಾಲು ಇದ್ದರೆ ಸಾಲದು. ಇವರಿಗೆ ತಮ್ಮ ಆಸ್ತಿ ಏನೇನೆಂದು ತಿಳಿದಿದೆ, ಮಕ್ಕಳ ಹೆಸರನ್ನು ತಾವೇ ಹೇಳಿದರು, ಯಾವುದನ್ನು ಯಾರಿಗೆ ಕೊಡುತ್ತಿದ್ದಾರೆ ಮತ್ತು ಏಕೆ ಎಂಬುದನ್ನು ತಮ್ಮ ಮಾತಿನಲ್ಲೇ ವಿವರಿಸಿದರು ಎಂಬಷ್ಟು ವಿವರ ಇರಬೇಕು. ಈ ಪರೀಕ್ಷೆ ನಡೆಯುವಾಗ ಲಾಭ ಪಡೆಯುವ ಮಗನೋ ಮಗಳೋ ಕೋಣೆಯ ಹೊರಗಿರುವುದು ಕ್ಷೇಮ.

ಮೈಸೂರು ರಾಜ್ಯದಿಂದಲೇ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಲ್‌ಗಳ ಸುತ್ತಲಿನ ಅನುಮಾನದ ಬಗ್ಗೆ ಹೇಳಿದ ಮಾತನ್ನು ವಕೀಲರು ಇಂದಿಗೂ ಉಲ್ಲೇಖಿಸುತ್ತಾರೆ. ವಿಲ್‌ನಿಂದ ಲಾಭ ಪಡೆಯುವವರೇ ಅದನ್ನು ಬರೆಸುವಲ್ಲಿ ಮುಂದಾಗಿ ಓಡಾಡಿದ್ದರೆ, ಆ ಅನುಮಾನವನ್ನು ತಿಳಿಗೊಳಿಸುವ ಹೊಣೆಯೂ ಅವರದೇ ಎಂಬುದು ಅದರ ತಿರುಳು. ಸಬ್ ರಿಜಿಸ್ಟ್ರಾರ್ ಕಚೇರಿಯ ಮೇಜಿನ ಮುಂದೆ ಇದು ದಿನವೂ ಕಣ್ಣಿಗೆ ಬೀಳುತ್ತದೆ: ಅಧಿಕಾರಿ ಅಜ್ಜಿಯತ್ತ ತಿರುಗಿ "ಏನಮ್ಮಾ, ಇದು ಯಾವ ಪತ್ರ ಗೊತ್ತಾ?" ಎಂದು ಕೇಳುತ್ತಾರೆ, ಅಜ್ಜಿ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತ ಮಗ "ಗೊತ್ತು ಸಾರ್, ಎಲ್ಲಾ ಹೇಳಿದೀವಿ" ಎಂದುಬಿಡುತ್ತಾನೆ. ಮಗನ ಮನಸ್ಸಿನಲ್ಲಿ ಕಪಟವಿಲ್ಲದಿರಬಹುದು, ಆದರೆ ಮುಂದೆ ತಂಗಿಯ ವಕೀಲರಿಗೆ ಬೇಕಾಗುವುದು ಇಂಥ ಸಂಗತಿಗಳೇ.

ಜಿಪಿಎ: ಕೈಗೆ ಬೇಗ ಸಿಗುವುದು, ಬೇಕಾದಾಗ ಇಲ್ಲವಾಗುವುದು

ಅಧಿಕಾರಪತ್ರ ಎಲ್ಲರಿಗೂ ಪರಿಚಿತ, ಅಗ್ಗ, ಬೇಗ ಆಗುತ್ತದೆ, ಬೇಡವೆಂದರೆ ರದ್ದುಪಡಿಸಬಹುದು. ಮೊದಲ ಕಾಲಕ್ಕೆ ಇದಕ್ಕಿಂತ ಅನುಕೂಲದ ಪತ್ರವಿಲ್ಲ. ಬಾಡಿಗೆ ವಸೂಲು ಮಾಡುವುದು, ಆಸ್ತಿ ತೆರಿಗೆ ಕಟ್ಟುವುದು, ಬೆಸ್ಕಾಂ ಮತ್ತು ಜಲಮಂಡಳಿಯ ಕೆಲಸ, ಇ-ಖಾತಾಕ್ಕೆ ಅರ್ಜಿ ಹಾಕುವುದು, ಕೊನೆಗೆ ನಿವೇಶನ ಮಾರುವುದನ್ನೂ ಮಗಳು ಅಥವಾ ಮಗ ಅವರ ಪರವಾಗಿ ಮಾಡಬಹುದು. ಸ್ಥಿರಾಸ್ತಿಗೆ ಸಂಬಂಧಿಸಿದ ಅಧಿಕಾರ ಕೊಡುವುದಾದರೆ ನೋಟರಿಯ ಮುದ್ರೆಗೆ ತೃಪ್ತರಾಗದೆ ನೋಂದಣಿ ಮಾಡಿಸಿಬಿಡಿ.

ಆದರೆ 1872ರ ಒಪ್ಪಂದ ಕಾಯಿದೆಯ 201ನೇ ಸೆಕ್ಷನ್ನನ್ನು ಮರೆಯುವಂತಿಲ್ಲ. ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಚಿತ್ತಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಕ್ಕಳು ಅಲ್ಲಿನ ವ್ಯವಸ್ಥೆಯನ್ನು ನೋಡಿ, ಬುದ್ಧಿ ಹೋದ ಮೇಲೂ ನಡೆಯುವಂಥ ಅಧಿಕಾರಪತ್ರವನ್ನು ಇಲ್ಲೂ ಮಾಡಿಸಬಹುದೆಂದು ಭಾವಿಸುತ್ತಾರೆ. ಭಾರತದ ಕಾನೂನಿನಲ್ಲಿ ಅಂಥ ಅಧಿಕಾರಪತ್ರಕ್ಕೆ ಅವಕಾಶವಿಲ್ಲ. 'ನನಗೆ ತಿಳಿವಳಿಕೆ ತಪ್ಪಿದರೂ ಇದು ಊರ್ಜಿತದಲ್ಲಿರತಕ್ಕದ್ದು' ಎಂದು ಪತ್ರದಲ್ಲಿ ಬರೆಸಿದರೂ ಅದನ್ನು ನಂಬಿ ಮನೆ ಮಾರಲು ಹೊರಡುವುದು ಅಪಾಯ. ತಾಯಿಗೆ ಏನೂ ತಿಳಿಯದ ಸ್ಥಿತಿಯಲ್ಲಿ ಮಗ ಹಳೆಯ ಜಿಪಿಎ ಹಿಡಿದು ಕ್ರಯಪತ್ರ ಮಾಡಿಕೊಟ್ಟರೆ, ಖರೀದಿದಾರರ ಹಕ್ಕಿನ ಜೊತೆಗೆ ಮಗನೂ ವ್ಯಾಜ್ಯಕ್ಕೆ ಸಿಲುಕುತ್ತಾನೆ. ಜಿಪಿಎಯನ್ನೇ ಮಾಲೀಕತ್ವವೆಂದು ಭಾವಿಸುವ ಹಳೆಯ ರೂಢಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತಳ್ಳಿಹಾಕಿದೆ.

ಹಾಗಾಗಿ ಸೊಂಟದ ಮೂಳೆ ಮುರಿದವರಿಗೆ, ಹೃದಯದ ಕಾಯಿಲೆಯವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಜಿಪಿಎ ಒಳ್ಳೆಯದು. ಮರೆವಿನ ಕಾಯಿಲೆಯಲ್ಲಿ ಅದೊಂದನ್ನೇ ಮಾಡಿಸಿ ನೆಮ್ಮದಿಯಾಗಿರುವುದು ಸರಿಯಲ್ಲ. ಅದು ನಡೆಯುವಷ್ಟು ದಿನದಲ್ಲೇ ಆಸ್ತಿಯ ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು ಅದರ ಅತ್ಯುತ್ತಮ ಬಳಕೆ.

ವಿಲ್: ಎಲ್ಲರೂ ಮಾಡಿಸಬೇಕಾದದ್ದು, ಆದರೆ ಬದುಕಿರುವವರೆಗೆ ಉಪಯೋಗಕ್ಕೆ ಬಾರದ್ದು

ವಿಲ್ ಅಗ್ಗದಲ್ಲಿ ಅಗ್ಗ. ಛಾಪಾ ಕಾಗದ ಬೇಡ, ಮುದ್ರಾಂಕ ಶುಲ್ಕವಿಲ್ಲ. ಬಿಳಿ ಹಾಳೆಯ ಮೇಲೆ ಕೈಯಲ್ಲೇ ಬರೆದರೂ, ಬರೆದವರು ಸಹಿ ಹಾಕಿ, ಅದನ್ನು ಕಂಡ ಕನಿಷ್ಠ ಇಬ್ಬರು ಸಾಕ್ಷಿಗಳು ಅವರ ಸಮಕ್ಷಮದಲ್ಲಿ ಸಹಿ ಹಾಕಿದರೆ ಅದು ಸಲ್ಲುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೂ ಕಾಯಿಲೆಯ ಹಿನ್ನೆಲೆಯಿರುವವರ ವಿಲ್ಲನ್ನು ನೋಂದಣಿ ಮಾಡಿಸಿ ಎಂದೇ ನನ್ನ ಸಲಹೆ. ಭಾವಚಿತ್ರ, ಬೆರಳಚ್ಚು, ದಿನಾಂಕಗಳೆಲ್ಲ ಸರ್ಕಾರಿ ದಾಖಲೆಯಲ್ಲಿ ಉಳಿಯುತ್ತವೆ. ವಿಷಯ ಗುಟ್ಟಾಗಿರಬೇಕೆನ್ನುವವರು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಲೂ ಅವಕಾಶವಿದೆ. ಬದುಕಿರುವಷ್ಟು ಕಾಲ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಆದರೆ ನೋಂದಾಯಿಸಿದ ವಿಲ್ಲನ್ನು ಆಮೇಲೆ ಬರೆದ, ನೋಂದಣಿಯಾಗದ ವಿಲ್ ಕೂಡ ಮೀರಬಲ್ಲದು. ಆದ್ದರಿಂದ ತಿಳಿವಳಿಕೆ ಕುಂದಿದ ಮೇಲೆ ಯಾರೋ ತಂದಿಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳದಂತೆ ಮನೆಯವರು ಕಣ್ಣಿಟ್ಟಿರಬೇಕು.

ಸಾಕ್ಷಿಗಳ ಆಯ್ಕೆಯಲ್ಲಿ ನಮ್ಮವರು ಎಡವುತ್ತಾರೆ. ಅಪ್ಪನ ವಯಸ್ಸಿನ ಇಬ್ಬರು ಗೆಳೆಯರ ಸಹಿ ಹಾಕಿಸುತ್ತಾರೆ. ವಿಲ್ ಜಾರಿಗೆ ಬರುವ ಹೊತ್ತಿಗೆ ಅವರಿಬ್ಬರೂ ಇರುವುದಿಲ್ಲ. ತಕರಾರು ಬಂದಾಗ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುತ್ತದೆ. ಆದ್ದರಿಂದ ವಯಸ್ಸಿನಲ್ಲಿ ಕಿರಿಯರಾದ, ಆಸ್ತಿಯಲ್ಲಿ ಪಾಲಿಲ್ಲದ, ವಿಳಾಸ ಬದಲಾದರೂ ಸುಲಭವಾಗಿ ಸಿಗುವವರನ್ನು ಕರೆಯಿರಿ. ಕುಟುಂಬದ ವೈದ್ಯರೇ ಒಬ್ಬ ಸಾಕ್ಷಿಯಾದರೆ ಇನ್ನೂ ಒಳ್ಳೆಯದು. ಹಿಂದೂಗಳ ವಿಲ್‌ಗೆ ಬೆಂಗಳೂರಿನಲ್ಲಿ ಪ್ರೊಬೇಟ್ (ವಿಲ್ ನಿಜವೆಂದು ನ್ಯಾಯಾಲಯ ಕೊಡುವ ದೃಢೀಕರಣ) ಕಡ್ಡಾಯವಲ್ಲ. ಮುಸ್ಲಿಮರಿಗೆ ಬೇರೆ ನಿಯಮ: ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ವಿಲ್ ಮೂಲಕ ಕೊಡಬಹುದಾದದ್ದು ಮೂರನೇ ಒಂದು ಭಾಗದವರೆಗೆ ಮಾತ್ರ, ಆದ್ದರಿಂದ ಅಂಥ ಕುಟುಂಬಗಳಲ್ಲಿ ಬದುಕಿರುವಾಗಲೇ ಕೊಡುವ ಹಿಬಾದ ಕಡೆಗೆ ಒಲವು ಹೆಚ್ಚು.

ವಿಲ್‌ನ ಮಿತಿಯೂ ಅಷ್ಟೇ ಸ್ಪಷ್ಟ. ತಾಯಿ ಆರು ವರ್ಷ ಹಾಸಿಗೆ ಹಿಡಿದರೆ, ಆ ಆರು ವರ್ಷವೂ ವಿಲ್ ಬೀರುವಿನಲ್ಲೇ ಇರುತ್ತದೆ. ಅವರ ಮನೆಯಿಂದ ಅವರ ಚಿಕಿತ್ಸೆಗೇ ಒಂದು ರೂಪಾಯಿಯನ್ನೂ ಎತ್ತಲು ಅದರಿಂದ ಆಗದು.

ದಾನಪತ್ರ: ನಡುವಿನ ಕಾಲವನ್ನು ದಾಟುತ್ತದೆ, ಬೆಲೆಯೂ ಇದೆ

ದಾನಪತ್ರ ನೋಂದಣಿಯಾಗಿ, ದಾನ ಪಡೆದವರು ಅದನ್ನು ಒಪ್ಪಿಕೊಂಡ ದಿನವೇ ಮಾಲೀಕತ್ವ ಬದಲಾಗುತ್ತದೆ. ಆಮೇಲೆ ಕೊಟ್ಟವರ ಬುದ್ಧಿ ಹೇಗಿದ್ದರೂ ಪತ್ರಕ್ಕೆ ಧಕ್ಕೆಯಿಲ್ಲ. ಕರ್ನಾಟಕದಲ್ಲಿ ಮಕ್ಕಳು, ಸಂಗಾತಿ ಮುಂತಾದ ಹತ್ತಿರದ ಬಂಧುಗಳಿಗೆ ಮಾಡುವ ದಾನಕ್ಕೆ ಮುದ್ರಾಂಕ ಶುಲ್ಕ ಆಸ್ತಿಯ ಮೌಲ್ಯದ ಶೇಕಡಾವಾರು ಲೆಕ್ಕದಲ್ಲಿ ಬೀಳುವುದಿಲ್ಲ, ಸಣ್ಣ ನಿಗದಿತ ಮೊತ್ತವಷ್ಟೇ. ಈಗಿನ ದರವನ್ನು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ನೋಡಿಕೊಳ್ಳಬಹುದು. ಈ ಅಗ್ಗದ ಸುಂಕವೇ ಬಹಳ ಮಂದಿಯನ್ನು ದಾನಪತ್ರದತ್ತ ಎಳೆಯುತ್ತದೆ. ಸಮಯದ ಮಾತು ಬೇರೆ: ಬೆಂಗಳೂರಿನಲ್ಲಿ ಈಗ ಇ-ಖಾತಾ ಇಲ್ಲದೆ ದಾನಪತ್ರ ನೋಂದಣಿಯಾಗದು, ಹಳೆಯ ಖಾತೆಯಲ್ಲಿ ಹೆಸರೋ ಅಳತೆಯೋ ತಪ್ಪಿದ್ದರೆ ಅದನ್ನು ಸರಿಪಡಿಸುವುದರಲ್ಲೇ ದಿನಗಳು ಕಳೆದುಹೋಗುತ್ತವೆ. ವಿಲ್‌ಗೆ ಈ ಗೊಡವೆಯಿಲ್ಲ.

ಹಿರಿಯರ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ಮನಸ್ಸು ಬದಲಾಯಿತೆಂದು ಹಿಂತೆಗೆದುಕೊಳ್ಳಲು ಬಾರದು. ದಾನ ಪಡೆದ ಮಗ ಸಾಲ ಮಾಡಿದರೆ, ವಿಚ್ಛೇದನದ ವ್ಯಾಜ್ಯಕ್ಕೆ ಸಿಕ್ಕಿದರೆ, ತಾಯಿಗಿಂತ ಮೊದಲೇ ತೀರಿಕೊಂಡರೆ, ಮನೆಯೂ ಅವನ ಹಣೆಬರಹಕ್ಕೆ ಸಿಕ್ಕಿಬೀಳುತ್ತದೆ. ಇದಕ್ಕೆ ಎರಡು ಕಾವಲುಗಳಿವೆ. ಒಂದು, ದಾನಪತ್ರದಲ್ಲೇ ತಮ್ಮ ಜೀವಿತಾವಧಿಯವರೆಗೆ ಆ ಮನೆಯಲ್ಲಿ ವಾಸಿಸುವ, ಬಾಡಿಗೆ ಪಡೆಯುವ ಹಕ್ಕನ್ನು ಉಳಿಸಿಕೊಳ್ಳುವುದು. ಹೀಗೆ ಉಳಿಸಿಕೊಂಡು ಮಾಡಿದ ದಾನವೂ ಸಿಂಧುವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಇನ್ನೊಂದು, 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯ 23ನೇ ಸೆಕ್ಷನ್. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಅರವತ್ತು ದಾಟಿದವರು ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದೆ ಹೋದರೆ, ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿ ರದ್ದುಪಡಿಸಬಲ್ಲದು. ಈ ಷರತ್ತು ಪತ್ರದಲ್ಲಿ ಎದ್ದು ಕಾಣುವಂತಿರಬೇಕು. 2022ರ ಒಂದು ತೀರ್ಪಿನಲ್ಲಿ ಷರತ್ತು ಇತ್ತೆಂದು ತೋರಿಸಲಾಗದ ಕಾರಣಕ್ಕೆ ಪರಿಹಾರ ಸಿಗಲಿಲ್ಲ. 2025ರ ಜನವರಿಯ ಇನ್ನೊಂದು ತೀರ್ಪು ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಿತು. ಯಾವ ಪೀಠ ಹೇಗೆ ಓದುತ್ತದೋ ಎಂದು ಕಾಯುವ ಬದಲು, ಊಟ, ವಸತಿ, ಔಷಧೋಪಚಾರ, ಆರೈಕೆಯವರ ವೆಚ್ಚ ಎಂದು ಹೆಸರಿಟ್ಟು ಒಂದು ಪ್ಯಾರಾ ಬರೆಸುವುದು ಸುಲಭ. "ಮಕ್ಕಳ ಮೇಲೆ ನಂಬಿಕೆ ಇಲ್ಲವೇ?" ಎಂದು ಯಾರಾದರೂ ಮುಖ ಸಣ್ಣದು ಮಾಡಿಕೊಂಡರೂ ಆ ಪ್ಯಾರಾವನ್ನು ತೆಗೆಸಬೇಡಿ.

ಇಲ್ಲೊಂದು ಇಕ್ಕಟ್ಟಿದೆ, ಅದನ್ನು ವಕೀಲರೊಡನೆ ಕುಳಿತು ಬಿಡಿಸಿಕೊಳ್ಳಲೇಬೇಕು. ಜೀವಿತಾವಧಿಯ ಹಕ್ಕು ತಾಯಿಯನ್ನು ಕಾಯುತ್ತದೆ, ಜೊತೆಗೆ ಮನೆಯನ್ನು ಕಟ್ಟಿಹಾಕುತ್ತದೆ. ಐದು ವರ್ಷದ ನಂತರ ಚಿಕಿತ್ಸೆಗೆ ದುಡ್ಡು ಸಾಲದೆ ಮಗಳು ಮನೆ ಮಾರಲು ಹೊರಟರೆ, ಆ ಹಕ್ಕು ಇರುವತನಕ ಯಾವ ಖರೀದಿದಾರರೂ ಮುಂದೆ ಬರುವುದಿಲ್ಲ. ಅದನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಲು ತಾಯಿಗೆ ಆಗ ತಿಳಿವಳಿಕೆ ಇರುವುದಿಲ್ಲ. ಹಾಗಾಗಿ ಈ ಮನೆಯನ್ನು ಮಾರಿಯೇ ಆರೈಕೆಯ ಖರ್ಚು ತೂಗಿಸಬೇಕಾಗಬಹುದೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಳ್ಳಿ. ಇಲ್ಲವೆಂದಾದರೆ ಜೀವಿತಾವಧಿಯ ಹಕ್ಕಿನೊಂದಿಗಿನ ದಾನ ಅಥವಾ ಬರೀ ವಿಲ್. ಹೌದೆಂದಾದರೆ, ತಿಳಿವಳಿಕೆ ಇರುವಾಗಲೇ ಅವರ ಒಪ್ಪಿಗೆಯಿಂದ ಮಾರಿ ಹಣವನ್ನು ಜಂಟಿ ಹೆಸರಿನಲ್ಲಿ ಇಡುವುದು ಬಹಳ ಸಲ ಎಲ್ಲಕ್ಕಿಂತ ಸರಳವಾದ ದಾರಿ. ಹುಟ್ಟಿ ಬೆಳೆದ ಮನೆ ಎಂಬ ಕಾರಣಕ್ಕೆ ಮಕ್ಕಳೇ ಅದನ್ನು ಮುಂದೂಡುವುದನ್ನು ಕಂಡಿದ್ದೇನೆ.

ಮೂರನೆಯ ದಾರಿ ಖಾಸಗಿ ಟ್ರಸ್ಟ್, ಅಂದರೆ ಆಸ್ತಿಯನ್ನು ನಂಬಿಕಸ್ಥರಾದ ಟ್ರಸ್ಟಿಗಳ ಕೈಗೆ ಒಪ್ಪಿಸುವ ಏರ್ಪಾಡು. ಟ್ರಸ್ಟಿಗಳಿಗೆ ಮಾರುವ ಅಧಿಕಾರ ಕೊಟ್ಟು, ಆ ಹಣ ತಾಯಿಯ ಆರೈಕೆಗೇ ಹೋಗಬೇಕೆಂದು ಬರೆದಿಟ್ಟರೆ ಅದು ಮೂರೂ ಕಾಲಗಳಲ್ಲಿ ನಡೆಯುತ್ತದೆ. ಖರ್ಚು, ಲೆಕ್ಕಪತ್ರ, ತೆರಿಗೆಯ ಗೋಜು ಹೆಚ್ಚು. ಒಂದೇ ಮನೆಯ ಸಾಧಾರಣ ಕುಟುಂಬಕ್ಕೆ ಇದು ಭಾರವೇ. ತಮ್ಮ ನಂತರ ನೋಡಿಕೊಳ್ಳಬೇಕಾದ ಅಂಗವಿಕಲ ಮಗನೋ ಮಗಳೋ ಇರುವವರು, ಹಲವು ಆಸ್ತಿಗಳಿರುವವರು ಯೋಚಿಸಲಿ.

ಬ್ಯಾಂಕು: ಖರ್ಚಿಲ್ಲದೆ ಹೆಚ್ಚು ಫಲ ಕೊಡುವುದು

ದಿನದಿನದ ವೆಚ್ಚಕ್ಕೆ ಜಂಟಿ ಖಾತೆಗೆ ಸಮನಾದದ್ದಿಲ್ಲ. 'ಈದರ್ ಆರ್ ಸರ್ವೈವರ್' ಎಂಬ ಸೂಚನೆಯಿದ್ದರೆ ಇಬ್ಬರಲ್ಲಿ ಯಾರಾದರೂ ಒಬ್ಬರ ಸಹಿಯಿಂದ ಖಾತೆ ನಡೆಯುತ್ತದೆ, ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ಹಣ ಸಿಗುತ್ತದೆ. ಆದರೆ ಠೇವಣಿಯಲ್ಲಿ ಒಂದು ಸೂಕ್ಷ್ಮವಿದೆ: ಅವಧಿ ಮುಗಿದಾಗ ಒಬ್ಬರ ಸಹಿ ಸಾಕಾದರೂ, ಅವಧಿಗೆ ಮುನ್ನ ಮುರಿಸಬೇಕಾದರೆ, ಬೇರೆ ಸೂಚನೆ ಕೊಡದಿದ್ದಲ್ಲಿ, ಇಬ್ಬರ ಸಹಿಯೂ ಬೇಕು. ಆಸ್ಪತ್ರೆಯಲ್ಲಿ ಮುಂಗಡ ಕಟ್ಟಬೇಕಾಗಿ ಬಂದ ದಿನವೇ ಇದು ತಿಳಿದು ಕಂಗಾಲಾಗುವ ಬದಲು, ಒಬ್ಬರೇ ಮುರಿಸಬಹುದೆಂಬ ಸೂಚನೆಯನ್ನು ಈಗಲೇ ಬರೆದುಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಇಲ್ಲವೇ ದೊಡ್ಡ ಠೇವಣಿಯನ್ನು ಅಲ್ಪಾವಧಿಯ ಹಲವು ಠೇವಣಿಗಳಾಗಿ ಒಡೆದಿಡಿ. ಪಿಪಿಎಫ್ ಖಾತೆಯನ್ನು ಜಂಟಿಯಾಗಿ ಮಾಡಲು ಬರುವುದಿಲ್ಲ.

ನಾಮಿನಿಯ ಬಗ್ಗೆ ಎರಡೇ ಮಾತು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಆದರೆ ನಾಮಿನಿ ಹಣವನ್ನು ಬ್ಯಾಂಕಿನಿಂದ ಪಡೆಯುವವರು ಮಾತ್ರ, ಅದರ ಒಡೆತನ ವಿಲ್ ಅಥವಾ ಉತ್ತರಾಧಿಕಾರ ಕಾನೂನಿನಂತೆ ಹೋಗುತ್ತದೆ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿತು. ಹಿರಿಯರು ಬದುಕಿರುವಾಗ ನಾಮಿನಿಗೆ ಯಾವ ಅಧಿಕಾರವೂ ಇಲ್ಲ.

ಕೈ ನಡುಗಿ ಸಹಿ ಹೊಂದದೆ ಚೆಕ್ಕು ಮರಳುವ ಸ್ಥಿತಿಯಲ್ಲಿ, ಆದರೆ ಬುದ್ಧಿ ಸರಿಯಿರುವಾಗ, ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲೇ ಅವಕಾಶವಿದೆ. ಸಾಕ್ಷಿಗಳಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ಶಾಖೆಯಲ್ಲಿ ಆಗದು ಎಂದರೆ ಲಿಖಿತವಾಗಿ ಕೇಳಿ.

ಚಿಕಿತ್ಸೆಯ ನಿರ್ಧಾರಕ್ಕೆ ಬೇರೆಯೇ ಪತ್ರ

ಮೇಲಿನ ಯಾವ ಪತ್ರವೂ ವೆಂಟಿಲೇಟರ್ ಹಾಕಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದಿಲ್ಲ. ಅದಕ್ಕಿರುವುದು ಮುಂಗಡ ವೈದ್ಯಕೀಯ ನಿರ್ದೇಶನ, ಜನ 'ಲಿವಿಂಗ್ ವಿಲ್' ಎನ್ನುವ ಪತ್ರ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಇದಕ್ಕೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿದ್ದುದರಿಂದ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. 2023ರ ಜನವರಿ 24ರಂದು ನಿಯಮ ಸಡಿಲಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕೆಂದಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ತಾವು ಹೇಳಲಾಗದ ಸ್ಥಿತಿ ಬಂದಾಗ ತಮ್ಮ ಪರವಾಗಿ ಮಾತನಾಡುವವರ ಹೆಸರನ್ನೂ ಇದರಲ್ಲಿ ಬರೆಯಬಹುದು. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸಿದರೆ, ಪರದೇಶದಲ್ಲಿರುವವರನ್ನೇ ನೆಚ್ಚಿಕೊಳ್ಳಬೇಕಾದ ತೊಂದರೆ ತಪ್ಪುತ್ತದೆ.

ಈ ಪತ್ರವಿದ್ದರೆ ಚಿಕಿತ್ಸೆಯೇ ಕೊಡುವುದಿಲ್ಲವೇನೋ ಎಂಬ ಹೆದರಿಕೆ ಬೇಡ. ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ, ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಒಪ್ಪಿದ ಮೇಲಷ್ಟೇ ಜೀವಾಧಾರಕ ಉಪಕರಣಗಳ ಬಗ್ಗೆ ನಿರ್ಧಾರವಾಗುತ್ತದೆ. ನೋಟರಿಯ ಶುಲ್ಕ ಬಿಟ್ಟರೆ ಬೇರೆ ಖರ್ಚಿಲ್ಲ. ಅಮ್ಮ ಏನು ಬಯಸಿದ್ದರು ಎಂಬ ಬಗ್ಗೆ ಐಸಿಯುವಿನ ಹೊರಗೆ ಅಣ್ಣತಮ್ಮಂದಿರು ಜಗಳವಾಡದಂತೆ ತಡೆಯುವುದಕ್ಕಾದರೂ ಇದನ್ನು ಮಾಡಿಸಬಹುದು. ಮಾನಸಿಕ ಆರೋಗ್ಯದ ಚಿಕಿತ್ಸೆಗಾಗಿ 2017ರ ಕಾಯಿದೆಯಡಿ ಪ್ರತ್ಯೇಕ ಮುಂಗಡ ನಿರ್ದೇಶನವಿದೆ, ನಾಮನಿರ್ದೇಶಿತ ಪ್ರತಿನಿಧಿಯನ್ನೂ ಹೆಸರಿಸಬಹುದು. ಆ ಪ್ರತಿನಿಧಿಗೆ ಆಸ್ತಿಯ ಮೇಲೆ ಅಧಿಕಾರವಿಲ್ಲ.

ಹೊತ್ತು ಮೀರಿದ್ದರೆ

ತಿಳಿವಳಿಕೆ ಈಗಾಗಲೇ ಹೋಗಿದ್ದರೆ ಯಾವ ಪತ್ರಕ್ಕೂ ಹೆಬ್ಬೆಟ್ಟು ಒತ್ತಿಸಬೇಡಿ. ಉಳಿದಿರುವುದು ಹೈಕೋರ್ಟಿನ ದಾರಿ. ಅಪ್ರಾಪ್ತರ ಪಾಲಕತ್ವದ ಕಾಯಿದೆ ಇಲ್ಲಿಗೆ ಅನ್ವಯಿಸದು; 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ವ್ಯಾಪ್ತಿಯಲ್ಲಿ ಮರೆವಿನ ಕಾಯಿಲೆ ಇಲ್ಲ; ಹಳೆಯ ಮಾನಸಿಕ ಆರೋಗ್ಯ ಕಾಯಿದೆಯಲ್ಲಿದ್ದ ಆಸ್ತಿ ನಿರ್ವಹಣೆಯ ಅಧ್ಯಾಯ 2017ರ ಹೊಸ ಕಾಯಿದೆಯಲ್ಲಿ ಬಿಟ್ಟುಹೋಗಿದೆ. ಆದ್ದರಿಂದ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ ಪಾಲಕರಾಗಿ ನೇಮಿಸುವಂತೆ ಕೋರಬೇಕು. ವೈದ್ಯಕೀಯ ವರದಿ, ಉಳಿದ ವಾರಸುದಾರರ ಒಪ್ಪಿಗೆ, ಆಸ್ತಿಯ ವಿವರ ಎಲ್ಲವನ್ನೂ ನ್ಯಾಯಾಲಯ ನೋಡುತ್ತದೆ, ನೇಮಕವಾದವರಿಂದ ಸಾಮಾನ್ಯವಾಗಿ ಲೆಕ್ಕ ಕೇಳುತ್ತದೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಶುಲ್ಕವೂ ಮೇಲಿನ ಎಲ್ಲ ಪತ್ರಗಳ ಒಟ್ಟು ಖರ್ಚನ್ನು ಮೀರಬಹುದು.

ಯಾವ ಮನೆಗೆ ಯಾವುದು

ಕೈಯಲ್ಲಿ ಹಣ ಕಡಿಮೆ, ಸಮಯ ಇನ್ನೂ ಕಡಿಮೆ ಎಂಬ ಸ್ಥಿತಿಯಲ್ಲಿ, ಜಂಟಿ ಖಾತೆ, ನೋಂದಾಯಿತ ವಿಲ್ ಮತ್ತು ವೈದ್ಯಕೀಯ ನಿರ್ದೇಶನ ಈ ಮೂರನ್ನು ಮೊದಲು ಮುಗಿಸಿಕೊಳ್ಳಿ. ಆರೋಗ್ಯ ತಡೆದುಕೊಂಡರೆ ಉಳಿದದ್ದನ್ನು ಯೋಚಿಸಬಹುದು. ವಕೀಲರಿಗೆ ಕೊಡಲು ಶಕ್ತಿಯಿಲ್ಲದವರು ಬೆಂಗಳೂರಿನ ನ್ಯಾಯದೇಗುಲ ಕಟ್ಟಡದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು; ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಅಂದರೆ ಅರ್ಜಿದಾರರು ತಾಯಿಯೇ ಆಗಿದ್ದರೆ ಅದು ಅವರ ಹಕ್ಕು.

ಒಬ್ಬಳೇ ಮಗಳು, ಅವಳೇ ನೋಡಿಕೊಳ್ಳುತ್ತಿದ್ದಾಳೆ, ಪಿಂಚಣಿ ಖರ್ಚಿಗೆ ಸಾಕು ಎಂಬಲ್ಲಿ ದಾನಪತ್ರದ ಅವಸರ ಕಾಣುವುದಿಲ್ಲ. ವಿಲ್ ಮತ್ತು ಜಂಟಿ ಖಾತೆಯಲ್ಲಿ ಕೆಲಸ ನಡೆಯುತ್ತದೆ. ಮಗ ಪರದೇಶದಲ್ಲಿದ್ದು ತಂದೆ ಒಬ್ಬರೇ ಇರುವಲ್ಲಿ, ತಂದೆಯ ಜಿಪಿಎಗಿಂತ ಮುಖ್ಯವಾದದ್ದು ಮಗ ತನ್ನ ಕೆಲಸಗಳಿಗಾಗಿ ಇಲ್ಲಿನ ನಂಬಿಕಸ್ಥರಿಗೆ ಕೊಡುವ ಜಿಪಿಎ. ಅದನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮಗ ಸ್ವಸ್ಥನಾಗಿರುವುದರಿಂದ ತಂದೆಯ ಕಾಯಿಲೆ ಅದಕ್ಕೆ ತಟ್ಟದು.

ಮಕ್ಕಳ ನಡುವೆ ಮಾತಿಲ್ಲದ ಮನೆಗಳಲ್ಲಿ ಒಬ್ಬರಿಗೆ ದಾನ ಮಾಡುವುದು ಬೆಂಕಿಗೆ ತುಪ್ಪ ಹೊಯ್ದಂತೆ. ಅಲ್ಲಿ ನಿಷ್ಠುರವಾದರೂ ಎಲ್ಲರನ್ನೂ ಹೆಸರಿಸಿದ, ಯಾರಿಗೆ ಏಕೆ ಕಡಿಮೆ ಕೊಟ್ಟೆನೆಂದು ಕಾರಣ ಬರೆದ, ಹೊರಗಿನವರೊಬ್ಬರನ್ನು ನಿರ್ವಾಹಕರನ್ನಾಗಿ ನೇಮಿಸಿದ ವಿಲ್ ಲೇಸು. ಜಗಳವಾಡುವ ಮಕ್ಕಳಿಬ್ಬರೂ ಅಂದು ಕಚೇರಿಗೆ ಬಾರದಿರಲಿ. ಹಿರಿಯರಿಗೆ ಅಲ್ಲಿಗೆ ಹೋಗುವ ಶಕ್ತಿಯಿಲ್ಲದಿದ್ದರೆ, 1908ರ ನೋಂದಣಿ ಕಾಯಿದೆಯ 31 ಮತ್ತು 38ನೇ ಸೆಕ್ಷನ್‌ಗಳ ಪ್ರಕಾರ ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು ಉಪನೋಂದಣಾಧಿಕಾರಿಯನ್ನು ಮನೆಗೋ ಆಸ್ಪತ್ರೆಗೋ ಕರೆಸಿಕೊಳ್ಳಬಹುದು. ಅವರು ಬರುವ ದಿನ ಬೆಳಗಿನ ಹೊತ್ತನ್ನೇ ಕೇಳಿ, ಹಿರಿಯರ ಕನ್ನಡಕ ಮತ್ತು ಶ್ರವಣಯಂತ್ರವನ್ನು ಹತ್ತಿರದಲ್ಲಿಟ್ಟಿರಿ. ಗೆರೆ ಸವೆದ ಬೆರಳು ಯಂತ್ರಕ್ಕೆ ಹಿಡಿಯದೆ ತಡವಾಗುವುದುಂಟು, ಒಂದು ಒದ್ದೆ ಬಟ್ಟೆಯೂ ಇರಲಿ.